ವ್ಯಾನಿನ ಹಿಂದೆ ಸ್ಕೂಟರ್ ಹೊರುವ ಲೆಕ್ಕ

ಬೇಸಿಗೆ ರಜೆ ಶುರುವಾದರೆ ಅಮೆರಿಕದ ಹೆದ್ದಾರಿಗಳಲ್ಲಿ ಈ ಜೋಡಿ ಆಗಾಗ ಕಣ್ಣಿಗೆ ಬೀಳುತ್ತದೆ. ಸಂಸಾರ ತುಂಬಿದ ಮಿನಿವ್ಯಾನ್, ಅದರ ಹಿಂದಿನ ಬಂಪರಿನಾಚೆ ಅಡ್ಡಲಾಗಿ ನಿಂತ ಪುಟ್ಟ ಸ್ಕೂಟರ್. ಕ್ಯಾಂಪಿಗೆ ಹೋಗಿ ಡೇರೆ ಹಾಕಿದ ಮೇಲೆ ಹಾಲಿಗೆ, ಐಸಿಗೆ, ಮರೆತುಬಂದ ಉಪ್ಪಿಗೆ ಅಂತ ಪ್ರತಿಸಲ ಎರಡು ಟನ್ನಿನ ವ್ಯಾನ್ ತೆಗೆಯುವ ಬದಲು ಐವತ್ತು ಸಿಸಿಯ ಸ್ಕೂಟರಿನಲ್ಲಿ ಹೋಗಿಬರುವುದು ನಿಜಕ್ಕೂ ಸುಖ. ಪಾರ್ಕಿಂಗ್ ಸಿಗದ ಬೀಚಿನ ಊರುಗಳಲ್ಲಂತೂ ಹೇಳುವುದೇ ಬೇಡ. ಚೇತಕ್, ಕೈನೆಟಿಕ್ ಹೋಂಡಾ, ಆಕ್ಟಿವಾ ಓಡಿಸಿ ಬೆಳೆದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡದವರಿಗೆ ಸ್ಕೂಟರ್ ಅಂದರೆ ಅಳುಕೇ ಇಲ್ಲ. ಓಡಿಸುವ ಧೈರ್ಯವೇ ಹೊತ್ತೊಯ್ಯುವುದಕ್ಕೂ ಸಾಕು ಅಂದುಕೊಂಡರೆ ಮಾತ್ರ ಕಷ್ಟ.

ಹೊರಲು ಆಧಾರ ಹಿಚ್, ಅಂದರೆ ಟ್ರೇಲರ್ ಎಳೆಯಲೆಂದು ವಾಹನದ ಹಿಂದೆ ಅಡಿಯಲ್ಲಿ ಹಾಕಿಸುವ ಕಬ್ಬಿಣದ ಜೋಡಣೆ. ಅಂಗಡಿಗೆ ಹೋದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈ ಹಿಚ್ ಎಷ್ಟು ತೂಕ ತಡೆಯುತ್ತೆ?" ಮಾರುವವರು ಒಂದು ಅಂಕಿ ಹೇಳುತ್ತಾರೆ. ಸ್ಕೂಟರಿನ ತೂಕ ಅದಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಆದರೆ ಆ ಅಂಕಿಯನ್ನು ಬರೆದಿರುವುದು ಟ್ರೇಲರ್ ಎಳೆಯುವ ಕೆಲಸಕ್ಕೆ. ಸ್ಕೂಟರ್ ಹೊರುವುದು ಬೇರೆಯೇ ಕೆಲಸ. ಇಲ್ಲಿ ಎಷ್ಟು ಕೆಜಿ ಅನ್ನುವಷ್ಟೇ ಎಷ್ಟು ದೂರದಲ್ಲಿ ಅನ್ನುವುದನ್ನೂ ಕೇಳಬೇಕು.

ಮೊದಲು ಸಾಮಾನುಗಳನ್ನು ನೋಡೋಣ. ವ್ಯಾನಿನ ಚಾಸಿಗೆ ಬೋಲ್ಟ್ ಮಾಡಿದ ಅಡ್ಡ ಕೊಳವೆ, ಅದರ ನಡುವೆ ಹಿಂದಕ್ಕೆ ಬಾಯಿ ತೆರೆದ ಚೌಕ ತೂತು. ಆ ತೂತಿಗೆ ರಿಸೀವರ್ ಅಂತ ಹೆಸರು. ಒಂದೂಕಾಲು ಇಂಚಿನ ರಿಸೀವರ್ ಬರುವುದು ಕ್ಲಾಸ್ 1 ಮತ್ತು ಕ್ಲಾಸ್ 2 ಹಿಚ್‌ಗಳಲ್ಲಿ. ಎರಡು ಇಂಚಿನದು ಕ್ಲಾಸ್ 3ರಿಂದ ಮೇಲಕ್ಕೆ. ಕ್ಲಾಸ್ 1 ಎಂದರೆ 2,000 ಪೌಂಡಿನ ಟ್ರೇಲರ್ ಎಳೆಯಬಹುದು, ಹಿಚ್ ಮೇಲೆ ನೇರವಾಗಿ ಕೂರುವ ಭಾರ 200 ಪೌಂಡ್ ದಾಟಬಾರದು. ಹೀಗೆ ನೇರವಾಗಿ ಕೂರುವ ಭಾರವೇ ಟಂಗ್ ತೂಕ. ಕ್ಲಾಸ್ 2ರಲ್ಲಿ ಎಳೆಯುವ ಮಿತಿ 3,500 ಪೌಂಡ್. ಟಂಗ್ ಮಿತಿಯನ್ನು ಕೆಲವರು 300 ಎಂದೂ ಕೆಲವರು 350 ಎಂದೂ ಬರೆಯುತ್ತಾರೆ. ಸ್ಕೂಟರ್ ಹೊರುವುದಾದರೆ ಒಂದೂಕಾಲು ಇಂಚಿನ ರಿಸೀವರನ್ನು ಮರೆತುಬಿಡಿ. ಎರಡು ಇಂಚಿಗೆ ಹಿಗ್ಗಿಸುವ ಅಡಾಪ್ಟರ್‌ಗಳು ಸಿಗುತ್ತವೆ, ನಿಜ. ಅವು ಹೊರೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆ, ಜೊತೆಗೆ ಮಧ್ಯದಲ್ಲಿ ಇನ್ನೊಂದು ಸಡಿಲ ಕೀಲು ಸೇರಿಸುತ್ತವೆ. ರಿಸೀವರನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್ ಕೊಳವೆಯದೂ ಇದೇ ಕತೆ. ಅದನ್ನು ಹಾಕಿದರೆ ಹಿಚ್ಚಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಎಂದು ಅದನ್ನು ತಯಾರಿಸುವವರೇ ಹೇಳುತ್ತಾರೆ.

ಹಿಚ್ ಮೇಲಿನ ಚೀಟಿ ಒಂದು ಮಿತಿ ಹೇಳಿದರೆ ವಾಹನದ ಕೈಪಿಡಿ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಾತು. ಟೊಯೊಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನ್‌ಗಳು 3,500 ಪೌಂಡ್ ಎಳೆಯುತ್ತವೆ. ಟಂಗ್ ಮಿತಿ ಸಾಮಾನ್ಯವಾಗಿ ಅದರ ಹತ್ತನೇ ಒಂದು ಪಾಲು, ಅಂದರೆ 350 ಪೌಂಡ್, 159 ಕೆಜಿ. ಹೋಂಡಾ ಸಿಆರ್-ವಿ ಎಳೆಯುವುದೇ 1,500 ಪೌಂಡ್. ಅದಕ್ಕೆ ಎರಡು ಇಂಚಿನ ಗಟ್ಟಿ ಹಿಚ್ ಹಾಕಿಸಿದ ಮಾತ್ರಕ್ಕೆ ಕಾರಿನ ಬೆನ್ನುಮೂಳೆ ಗಟ್ಟಿಯಾಗುವುದಿಲ್ಲ. ಅಲ್ಲಿ ಟಂಗ್ ಮಿತಿ 150 ಪೌಂಡಿನ ಹತ್ತಿರವೇ ನಿಲ್ಲುತ್ತದೆ, ಹಾಗಾಗಿ ಯಾವ ಸ್ಕೂಟರಿಗೂ ಜಾಗವಿಲ್ಲ.

ಈಗ ಸ್ಕೂಟರಿನ ಕಡೆ. ಹೋಂಡಾ ಮೆಟ್ರೊಪಾಲಿಟನ್ 81 ಕೆಜಿ. ಅದೇ ಕಂಪನಿಯ ರಕಸ್ 88. ಪಿಸಿಎಕ್ಸ್ 150 ಸುಮಾರು 130. ವೆಸ್ಪಾ ಜಿಟಿಎಸ್ 300 ಬಂದರೆ 160ರ ಆಸುಪಾಸು. ಹೋಲಿಕೆಗೆ ಬೇಕಿದ್ದರೆ ನಮ್ಮೂರಿನ ಆಕ್ಟಿವಾ 107 ಕೆಜಿ ಇದೆ, ಆದರೆ ಅದು ಅಮೆರಿಕದಲ್ಲಿ ಮಾರಾಟಕ್ಕಿಲ್ಲ. ಇದರ ಮೇಲೆ ಕ್ಯಾರಿಯರಿನ, ಅಂದರೆ ರಿಸೀವರಿಗೆ ತೂರುವ ಕಂಬ ಮತ್ತು ಸ್ಕೂಟರಿನ ಚಕ್ರಗಳು ಕೂರುವ ಅಡ್ಡ ಹಳಿಯ ತೂಕವನ್ನು ಕೂಡಿಸಬೇಕು. ಜನ ಮರೆಯುವುದು ಇದನ್ನೇ. ಕಬ್ಬಿಣದ ಕ್ಯಾರಿಯರ್ ರ‍್ಯಾಂಪ್ ಸೇರಿ ಸುಲಭವಾಗಿ 32 ಕೆಜಿ ಆಗುತ್ತದೆ. ಮೆಟ್ರೊಪಾಲಿಟನ್ ಜೊತೆ ಸೇರಿದರೆ 113. ವೆಸ್ಪಾ ಜೊತೆಗಾದರೆ 190 ದಾಟಿ, ಮಿನಿವ್ಯಾನಿನ ಮಿತಿ ಅಲ್ಲೇ ಮುರಿಯಿತು.

ಹಾಗಾದರೆ 113 ಕೆಜಿ 159ರೊಳಗೆ ಆರಾಮಾಗಿ ಇದೆಯಲ್ಲ? ಇಲ್ಲಿ ದೂರ ಬರುತ್ತದೆ.

ರಿಸೀವರಿಗೆ ತೂರಿಸಿದ ಕಂಬ ಜಾರದಂತೆ ಅಡ್ಡಲಾಗಿ ಒಂದು ಪಿನ್ ಹಾಕಿರುತ್ತಾರೆ. ಟ್ರೇಲರಿನ ಮೂತಿ ಕೂರುವ ಬಾಲ್ ಇರುವುದು ಆ ಪಿನ್ನಿಂದ ಸುಮಾರು 25 ಸೆಂಟಿಮೀಟರ್ ಹಿಂದೆ. 159 ಕೆಜಿ ಅಲ್ಲಿ ಕೂತರೆ ಪಿನ್ನಿನ ಜಾಗದಲ್ಲಿ ಬಗ್ಗಿಸುವ ಬಲ 40 ಕೆಜಿ-ಮೀಟರ್ ಆಯಿತು. ಸ್ಕೂಟರಿನ ಹಳಿ ಬಂಪರ್ ದಾಟಿ, ಡಿಕ್ಕಿ ಬಾಗಿಲಿಗೂ ಹ್ಯಾಂಡಲ್‌ಬಾರಿಗೂ ನಡುವೆ ಜಾಗ ಬಿಟ್ಟು ನಿಲ್ಲಬೇಕಲ್ಲ, ಹಾಗಾಗಿ ಅದರ ನಡುಗೆರೆ ಪಿನ್ನಿಂದ ಅರ್ಧ ಮೀಟರ್ ಹಿಂದೆ ಹೋಗುತ್ತದೆ. 113 ಕೆಜಿಯನ್ನು ಅರ್ಧ ಮೀಟರಿನಿಂದ ಗುಣಿಸಿದರೆ 56. ತೂಕ ಮಿತಿಗಿಂತ 46 ಕೆಜಿ ಕಡಿಮೆ, ಬಗ್ಗಿಸುವ ಬಲ ಮಾತ್ರ ಶೇಕಡಾ 40 ಹೆಚ್ಚು. ಹಾಗಂತ ಮೊದಲ ರಸ್ತೆಯುಬ್ಬಿಗೇ ಹಿಚ್ ಕಳಚಿಬೀಳುತ್ತದೆ ಎಂದಲ್ಲ. ತಯಾರಿಸುವವರು ಒಂದಿಷ್ಟು ಉಳಿಕೆ ಇಟ್ಟೇ ಇರುತ್ತಾರೆ. ಆದರೆ ಆ ಉಳಿಕೆಯನ್ನು ಮನೆ ಬಿಡುವ ಮೊದಲೇ ನಾವು ಖರ್ಚು ಮಾಡಿಬಿಟ್ಟಿರುತ್ತೇವೆ. ರಸ್ತೆಯ ಗುಂಡಿಗೆ ಬಿದ್ದ ಕ್ಷಣ ಇದೇ 113 ಕೆಜಿ ಎರಡರಷ್ಟಾಗಿ ಎಳೆಯುತ್ತದೆ.

ಇನ್ನೊಂದು ವ್ಯತ್ಯಾಸ ಅಂಕಿಗಳಲ್ಲಿ ಕಾಣುವುದಿಲ್ಲ. ಟ್ರೇಲರ್ ಬಾಲಿನ ಮೇಲೆ ಎಲ್ಲ ದಿಕ್ಕಿಗೂ ತಿರುಗಬಲ್ಲದು, ಓಲಾಡಿದರೂ ಹಿಚ್ಚನ್ನು ತಿರುಚುವುದಿಲ್ಲ. ಕ್ಯಾರಿಯರ್ ಬಿಗಿಯಾಗಿ ಒಳಗೆ ತೂರಿ ಕೂತ ಕಂಬ. ವ್ಯಾನ್ ಎಡಕ್ಕೆ ವಾಲಿದಾಗ, ಒಂದು ಚಕ್ರ ಗುಂಡಿಗಿಳಿದಾಗ ಎರಡು ಮೀಟರ್ ಅಗಲದ ಆ ಹೊರೆ ರಿಸೀವರಿನ ಕೊಳವೆಯನ್ನು ಹಿಂಡುತ್ತದೆ. ಅದಕ್ಕೇ ಕೆಲವು ಹಿಚ್‌ಗಳ ಕೈಪಿಡಿಯಲ್ಲಿ ಕ್ಯಾರಿಯರ್ ಹಾಕುವ ಬಗ್ಗೆ ಬೇರೆಯೇ ಸೂಚನೆ ಇರುತ್ತದೆ. ಕೊಳ್ಳುವ ಮೊದಲು ಓದಬೇಕಾದ ಪುಟ ಅದು.

ಈ ಹೊರೆ ವ್ಯಾನಿಗೆ ಮಾಡುವುದನ್ನು ತಿಳಿಯಲು ಬಾವಿಯ ಏತವನ್ನು ನೆನೆದರೆ ಸಾಕು. ಹಿಂದಿನ ಆಕ್ಸಲ್ಲೇ ಏತದ ಗೂಟ. ಅದರಾಚೆ ಹಿಂದಕ್ಕೆ ಏನು ನೇತುಹಾಕಿದರೂ ಮುಂದಿನ ತುದಿ ಏಳುತ್ತದೆ. ಈಗಿನ ಸಿಯೆನ್ನಾದ ಎರಡು ಆಕ್ಸಲ್‌ಗಳ ನಡುವೆ 3.06 ಮೀಟರ್. ಸ್ಕೂಟರ್ ನಿಲ್ಲುವುದು ಹಿಂದಿನ ಆಕ್ಸಲ್ಲಿನಿಂದ 1.6 ಮೀಟರ್ ಹಿಂದೆ ಎಂದಿಟ್ಟುಕೊಳ್ಳೋಣ. 113ನ್ನು 1.6ರಿಂದ ಗುಣಿಸಿ 3.06ರಿಂದ ಭಾಗಿಸಿದರೆ 59. ಅಂದರೆ ಮುಂದಿನ ಚಕ್ರಗಳ ಮೇಲಿನ ಭಾರ 59 ಕೆಜಿ ಇಳಿಯಿತು. ಹಿಂದಿನವುಗಳ ಮೇಲೆ ಏರಿದ್ದು 113 ಅಲ್ಲ, 172. ಮುಂದಿನ ಚಕ್ರಗಳೇ ಎಳೆಯುವ, ಮುಂದಿನ ಚಕ್ರಗಳೇ ತಿರುಗುವ, ಬ್ರೇಕಿನ ಹೆಚ್ಚಿನ ಕೆಲಸವನ್ನೂ ಮುಂದಿನ ಚಕ್ರಗಳೇ ಮಾಡುವ ಗಾಡಿಯಲ್ಲಿ ಹೀಗೆ ಮೂತಿ ಹಗುರಾದರೆ ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ತೇಲಿದಂತೆ ಅನ್ನಿಸುತ್ತದೆ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಡಿಕ್ಕಿಯ ಸಾಮಾನನ್ನು ಸಾಧ್ಯವಾದಷ್ಟು ಮುಂದಿನ ಸೀಟುಗಳ ಹಿಂದಕ್ಕೆ ಸರಿಸುವುದು, ಹೆಡ್‌ಲೈಟಿನ ಎತ್ತರವನ್ನು ತಗ್ಗಿಸಿಕೊಳ್ಳುವುದು, ಹಿಂದಿನ ಟೈರುಗಳ ಗಾಳಿಯನ್ನು ಬಾಗಿಲಿನ ಚೀಟಿಯಲ್ಲಿ ಬರೆದಷ್ಟಕ್ಕೆ ತಂಪಾಗಿದ್ದಾಗಲೇ ಸರಿಮಾಡುವುದು, ಇಷ್ಟನ್ನು ಬಿಡುವಂತಿಲ್ಲ.

ಆ ಚೀಟಿಯಲ್ಲೇ ಇನ್ನೊಂದು ಅಂಕಿ ಇದೆ. ಚಾಲಕನ ಬಾಗಿಲು ತೆರೆದರೆ ಕಂಬಕ್ಕೆ ಅಂಟಿಸಿದ ಬಿಳಿ-ಹಳದಿ ಚೀಟಿ. ಪ್ರಯಾಣಿಕರು ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮದರಲ್ಲಿ 1,200 ಪೌಂಡ್, ಅಂದರೆ 544 ಕೆಜಿ ಇದೆ ಎಂದುಕೊಳ್ಳಿ. ಅಪ್ಪ ಅಮ್ಮ, ಊರಿನಿಂದ ಬಂದ ಅಜ್ಜ ಅಜ್ಜಿ, ಬೆಳೆದ ಮಕ್ಕಳಿಬ್ಬರು, ಸರಾಸರಿ 70ರಂತೆ 420. ಆಮೇಲೆ ಹಾಕಿಸಿದ ಹಿಚ್ 20, ಕ್ಯಾರಿಯರ್ 32, ಸ್ಕೂಟರ್ 81. ಒಟ್ಟು 553. ಒಂದು ಸೂಟ್‌ಕೇಸೂ ಏರಿಲ್ಲ, ಚಿತ್ರಾನ್ನದ ಡಬ್ಬಿಯೂ ಏರಿಲ್ಲ, ಆಗಲೇ ಮಿತಿ ದಾಟಿತು. ಹಿಂಭಾಗ ಕುಸಿದದ್ದು ಕಂಡು ಕಾಯಿಲ್ ಸ್ಪ್ರಿಂಗಿನೊಳಗೆ ಗಾಳಿಚೀಲ ಹಾಕಿಸುವವರಿದ್ದಾರೆ. ಏರ್ ಲಿಫ್ಟ್ 1000 ಅನ್ನುವುದು ಅಂಥದ್ದು, 5ರಿಂದ 35 ಪಿಎಸ್‌ಐ ಗಾಳಿಯಲ್ಲಿ ಕೆಲಸ ಮಾಡುತ್ತದೆ. ಗಾಡಿ ಮಟ್ಟವಾಗಿ ನಿಲ್ಲುತ್ತದೆ, ನೋಡಲು ಚೆನ್ನ. ಆಕ್ಸಲ್, ಬೇರಿಂಗ್, ಬ್ರೇಕುಗಳ ಮಿತಿ ಅದರಿಂದ ಒಂದು ಕೆಜಿಯೂ ಏರುವುದಿಲ್ಲ.

ಇಷ್ಟೆಲ್ಲ ಲೆಕ್ಕದಿಂದ ಹೊರಬರುವ ನಿಯಮ ಕಟ್ಟುನಿಟ್ಟಾದದ್ದೇ: ಸ್ಕೂಟರ್, ಕ್ಯಾರಿಯರ್ ಎರಡೂ ಸೇರಿ ವಾಹನದ ಟಂಗ್ ಮಿತಿಯ ಮೂರರಲ್ಲಿ ಎರಡು ಪಾಲಿನೊಳಗೆ ಇರಬೇಕು. ಮಿನಿವ್ಯಾನಿಗೆ ಅದು 106 ಕೆಜಿ. ಕಬ್ಬಿಣದ ಕ್ಯಾರಿಯರ್ ಮೇಲೆ ಮೆಟ್ರೊಪಾಲಿಟನ್ ಕೂಡ ಇದರಲ್ಲಿ ಪಾಸಾಗುವುದಿಲ್ಲ. 20 ಕೆಜಿಯ ಅಲ್ಯೂಮಿನಿಯಂ ಕ್ಯಾರಿಯರ್ ಮೇಲಾದರೆ 101, ಪಾಸು. ರಕಸ್ 108, ಎರಡು ಕೆಜಿಯಿಂದ ತಪ್ಪಿತು. ಪಿಸಿಎಕ್ಸ್ ಮತ್ತು ವೆಸ್ಪಾ ಪೂರ್ತಿ ಹೊರಗೆ. ಅತಿ ಅನ್ನಿಸಬಹುದು. ಆದರೆ ಈ ಹೊರೆ ಕಳಚಿದರೆ ಬೀಳುವುದು ನಮ್ಮ ಮೇಲಲ್ಲ, ನೂರು ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವರ ಮುಂದೆ.

ಅಲ್ಯೂಮಿನಿಯಂ ಎಂದಾಗ ಒಂದು ಎಚ್ಚರ. ಹಗುರ, ತುಕ್ಕಿಲ್ಲ, ಸರಿ. ಆದರೆ ಅಲುಗಾಟ ತಿಂದು ತಿಂದು ದಣಿಯುವ ಗುಣ ಅದಕ್ಕೆ ಕಬ್ಬಿಣಕ್ಕಿಂತ ಹೆಚ್ಚು, ಮತ್ತು ವೆಲ್ಡ್ ಮಾಡಿದ ಜಾಗದ ಸುತ್ತ ಲೋಹದ ಗಟ್ಟಿತನ ಗಣನೀಯವಾಗಿ ಇಳಿದಿರುತ್ತದೆ. ರಿಸೀವರಿಗೆ ತೂರುವ ಕಂಬ ಕಬ್ಬಿಣದ್ದು, ಅದಕ್ಕೆ ಬೋಲ್ಟ್ ಮಾಡಿದ ಹಳಿ ಅಲ್ಯೂಮಿನಿಯಂನದು, ಹೀಗಿರುವುದು ಒಳ್ಳೆಯ ಜೋಡಿ. ಬೋಲ್ಟುಗಳಿಗೆ ನೈಲಾನ್ ಬಳೆ ಇರುವ ನಟ್ಟು ಇರಲಿ. ಮಾಮೂಲಿ ನಟ್ಟು ಒಂದೇ ದಿನದ ಓಟಕ್ಕೆ ಸಡಿಲಾಗುತ್ತದೆ.

ಹಳಿಯ ಅಗಲವನ್ನು ಅಳೆಯದೆ ಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕ್ಯಾರಿಯರ್‌ಗಳು ಮಣ್ಣುದಾರಿಯ ಡರ್ಟ್ ಬೈಕುಗಳಿಗೆ ಮಾಡಿದವು. ಎತ್ತರದ ತೆಳು ಚಕ್ರ, ಕೆಳಗೆ ಒಂದಡಿ ಜಾಗ, ಕೈಗೆ ಸಿಗುವ ಬೆತ್ತಲೆ ಹ್ಯಾಂಡಲ್ ಇರುವ ಬೈಕುಗಳು ಅವು. ಸ್ಕೂಟರ್ ಇದಕ್ಕೆ ತದ್ವಿರುದ್ಧ. ಮೆಟ್ರೊಪಾಲಿಟನ್ನಿನ ಟೈರು 80 ಮಿಲಿಮೀಟರ್, ಎಲ್ಲ ಹಳಿಗೂ ಇಳಿಯುತ್ತದೆ. ರಕಸ್ಸಿನ ಹಿಂದಿನ ಟೈರು 130 ಮಿಲಿಮೀಟರ್, ಅಂದರೆ ಐದು ಇಂಚಿಗಿಂತ ತುಸು ಹೆಚ್ಚು. ನಾಲ್ಕೂವರೆ ಇಂಚಿನ ಹಳಿಯಲ್ಲಿ ಅದು ಕೂರದೆ ಅಂಚುಗಳ ಮೇಲೆ ನಿಲ್ಲುತ್ತದೆ. ಎರಡೂ ಹತ್ತು ಇಂಚಿನ ರಿಮ್ಮಿನ ಚಕ್ರಗಳು. ರ‍್ಯಾಂಪ್ ಮತ್ತು ಹಳಿ ಸೇರುವಲ್ಲಿ ಎರಡು ಮೂರು ಇಂಚಿನ ಸಂದು ಇದ್ದರೆ ಡರ್ಟ್ ಬೈಕ್ ಗಮನಿಸದೇ ದಾಟುತ್ತದೆ, ಸ್ಕೂಟರಿನ ಮುಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಸಂದು ಮುಚ್ಚಲು ಒಂದು ತಗಡಿನ ಪಟ್ಟಿ ಬೇಕು. ರ‍್ಯಾಂಪ್ ಮುಗಿದು ಹಳಿ ಮಟ್ಟವಾಗುವ ಮೂಲೆಯಲ್ಲಿ ಸೆಂಟರ್ ಸ್ಟ್ಯಾಂಡಿನ ಕಾಲು, ಫುಟ್‌ಬೋರ್ಡಿನ ತಳ ಉಜ್ಜುತ್ತವೆ. ಆ ಮೂಲೆ ಎಷ್ಟು ಚೂಪೋ ಅಷ್ಟು ತೊಂದರೆ.

ಮೂಲೆ ಚೂಪಾಗದಿರಲು ರ‍್ಯಾಂಪ್ ಉದ್ದ ಇರಬೇಕು. ಹಳಿ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನೋಣ. 1.2 ಮೀಟರಿನ ರ‍್ಯಾಂಪ್ ಮೇಲೆ 81 ಕೆಜಿಯ ಸ್ಕೂಟರನ್ನು ತಳ್ಳಲು 34 ಕೆಜಿಯಷ್ಟು ಬಲ ಬೇಕು. 1.8 ಮೀಟರಿನದಾದರೆ 22 ಸಾಕು. ಕ್ಯಾರಿಯರ್ ಜೊತೆ ಬರುವ ರ‍್ಯಾಂಪ್ ಸಾಮಾನ್ಯವಾಗಿ ಚಿಕ್ಕದು, ಬೇರೆ ಕೊಳ್ಳುವುದೇ ವಾಸಿ. ಅದು ಹಳಿಯ ನೇರಕ್ಕೆ, ಅಂದರೆ ವ್ಯಾನಿನ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಹಾಗಾಗಿ ಪಕ್ಕದಲ್ಲಿ ಸ್ಕೂಟರಿನ ಉದ್ದ ಮತ್ತು ರ‍್ಯಾಂಪಿನ ಉದ್ದ ಎರಡೂ ಸೇರಿದಷ್ಟು ಖಾಲಿ ಜಾಗ ಬೇಕು. ಅಮೆರಿಕದಲ್ಲಿ ಫುಟ್‌ಪಾತ್ ಬಲಕ್ಕಿರುತ್ತದೆ, ಏರಿಸುವುದು ಇಳಿಸುವುದು ಆ ಕಡೆಯಿಂದಲೇ. ಫುಟ್‌ಪಾತಿನ ಎತ್ತರವೂ ಅರ್ಧ ಅಡಿ ಸಹಾಯ ಮಾಡುತ್ತದೆ.

ಏರಿಸುವಾಗ ಎಂಜಿನ್ ಬಂದಾಗಿರಲಿ. ಎಂಜಿನ್ ಬಲದಲ್ಲಿ ಪಕ್ಕದಲ್ಲಿ ನಡೆಯುತ್ತಾ ಏರಿಸುವವರನ್ನು ನೋಡಿದರೆ ಮೈ ಜುಂ ಅನ್ನುತ್ತದೆ. ಸ್ಕೂಟರಿನಲ್ಲಿ ಹಿಡಿದು ಬಿಡಲು ಕ್ಲಚ್ ಲಿವರ್ ಇಲ್ಲ. ಎಂಜಿನ್ ವೇಗ ಒಂದು ಮಟ್ಟ ದಾಟಿದ ಕೂಡಲೇ ಕ್ಲಚ್ ತಾನಾಗಿ ಹಿಡಿಯುತ್ತದೆ. ರ‍್ಯಾಂಪ್ ಮೇಲೆ ಸ್ಕೂಟರ್ ಮುಂದೆ ಜಗ್ಗಿದರೆ ಹ್ಯಾಂಡಲ್ ಹಿಡಿದ ಕೈ ಹಿಂದಕ್ಕೆ ಸೆಳೆಯುತ್ತದೆ, ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ, ಸ್ಕೂಟರ್ ಹಳಿಯ ಆಚೆ ತುದಿಯಿಂದ ಹಾರುತ್ತದೆ. ಇಬ್ಬರಿರಲಿ. ಒಬ್ಬರು ಎಡಬದಿಯಲ್ಲಿ ನಿಂತು ಹ್ಯಾಂಡಲ್ ಹಿಡಿದು ಎರಡೂ ಬ್ರೇಕಿನ ಮೇಲೆ ಬೆರಳಿಟ್ಟಿರಬೇಕು, ಇನ್ನೊಬ್ಬರು ಹಿಂದಿನ ಹಿಡಿಕೆಯಿಂದ ತಳ್ಳಬೇಕು. ಅದಕ್ಕೂ ಮುಂಚೆ ಸೀಟಿನ ಕೆಳಗಿನ ಡಬ್ಬಿ ಖಾಲಿ ಮಾಡಿ, ಕನ್ನಡಿಗಳನ್ನು ಬಿಚ್ಚಿ ಒಳಗಿಡಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕಡಿಮೆ ಇದ್ದರೆ ಉತ್ತಮ. ಮೆಟ್ರೊಪಾಲಿಟನ್ 2013ರಿಂದ ಫ್ಯೂಯಲ್ ಇಂಜೆಕ್ಷನ್, ಅಷ್ಟು ತಂಟೆಯಿಲ್ಲ. ರಕಸ್ಸಿನಲ್ಲಿ ಇರುವುದು ಕಾರ್ಬ್ಯುರೇಟರ್, ಕುಲುಕಾಟಕ್ಕೆ ಪೆಟ್ರೋಲ್ ಉಕ್ಕಿ ತೊಟ್ಟಿಕ್ಕುವುದುಂಟು.

ಇನ್ನು ಕಟ್ಟುವ ವಿಚಾರ. ಎಡವುವುದು ಹೆಚ್ಚಾಗಿ ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಕೂಟರ್ ಅಡ್ಡ ನಿಂತಿದೆ ಅನ್ನುವುದನ್ನು ಮರೆಯಬಾರದು. ವ್ಯಾನಿನ ಬ್ರೇಕ್ ಹಾಕಿದಾಗ ಅದು ಪಕ್ಕಕ್ಕೆ ವಾಲುತ್ತದೆ, ಅಂದರೆ ಡಿಕ್ಕಿಯ ಗಾಜಿನ ಕಡೆಗೆ. ಜೋರಾಗಿ ಮುಂದೆ ಹೋದಾಗ ರಸ್ತೆಯ ಕಡೆಗೆ. ಹಾಗಾಗಿ ಪಟ್ಟಿಗಳು ಎಳೆಯಬೇಕಾದದ್ದು ವ್ಯಾನಿನ ಕಡೆಗೂ ಅದರಿಂದ ಆಚೆಗೂ. ಆದರೆ ಕ್ಯಾರಿಯರಿನಲ್ಲಿ ಆ ದಿಕ್ಕಿಗೆ ಇರುವ ಅಗಲವೇ ಒಂದಡಿ ಒಂದೂಕಾಲು ಅಡಿ. ಕೊಂಡಿಗಳು ಸ್ಕೂಟರಿನ ಬುಡದಲ್ಲೇ ಇದ್ದರೆ ಪಟ್ಟಿ ನೆಟ್ಟಗೆ ಕೆಳಕ್ಕೆ ಎಳೆಯುತ್ತದೆ, ವಾಲುವುದನ್ನು ತಡೆಯುವುದಿಲ್ಲ. ಎರಡೂ ಕಡೆಗೆ ಚಾಚಿದ ತೋಳುಗಳಿರುವ, ಇಲ್ಲವೇ ವ್ಯಾನಿನ ಕಡೆ ನೆಟ್ಟಗೆ ಒಂದು ಕಂಬವಿರುವ ಕ್ಯಾರಿಯರ್ ಇದಕ್ಕೇ ಬೇಕಾದದ್ದು. ಪಟ್ಟಿಯನ್ನು ವ್ಯಾನಿನ ಬಂಪರಿಗೋ ಡಿಕ್ಕಿಯ ಕೊಂಡಿಗೋ ಕಟ್ಟುವ ಆಸೆ ಬೇಡ. ವ್ಯಾನಿನ ಮೈ ಮತ್ತು ಕ್ಯಾರಿಯರ್ ಬೇರೆ ಬೇರೆಯಾಗಿ ಅಲುಗುತ್ತವೆ, ಪಟ್ಟಿ ಸಡಿಲವಾಗಿ ಬಿಗಿಯಾಗಿ ಕೊನೆಗೆ ಕೊಂಡಿಯಿಂದ ಜಾರುತ್ತದೆ.

ಮೊದಲು ಎರಡೂ ಚಕ್ರಗಳನ್ನು ಹಳಿಗೆ ಬಿಗಿಯಾಗಿ ಕಟ್ಟಿ. ಚಕ್ರಕ್ಕೆ ಶಾಕ್ ಅಬ್ಸಾರ್ಬರಿನ ಕುಣಿತ ಇಲ್ಲ, ಇಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತದೆ. ಮುಂದಿನ ಚಕ್ರ ಹಳಿಯ ತುದಿಯ ತಡೆಗೆ ಒತ್ತಿ ನಿಂತಿರಲಿ. ಆಮೇಲೆ ಮೈ. ಸ್ಕೂಟರಿನಲ್ಲಿ ಕೈಗೆ ಸಿಗುವುದೆಲ್ಲ ಪ್ಲಾಸ್ಟಿಕ್. ಚೀಲ ನೇತುಹಾಕುವ ಕೊಕ್ಕೆಯೂ ಅಷ್ಟೇ, ಅದಕ್ಕೆ ತರಕಾರಿ ಚೀಲದಾಚೆ ಶಕ್ತಿಯಿಲ್ಲ. ಹ್ಯಾಂಡಲ್ ತುದಿಗಳಿಗೆ ಕಟ್ಟಿ ಎಳೆದರೆ ಬ್ರೇಕ್ ಲಿವರ್ ಸೊಟ್ಟಗಾಗುತ್ತದೆ, ಸುತ್ತಲಿನ ಹೊದಿಕೆ ಬಿರಿಯುತ್ತದೆ. ಮಟ್ಟಸ ಫುಟ್‌ಬೋರ್ಡ್ ಇರುವ ಮೆಟ್ರೊಪಾಲಿಟನ್, ರಕಸ್‌ಗಳಿಗೆ ಸರಳ ಉಪಾಯವಿದೆ. ಫುಟ್‌ಬೋರ್ಡ್ ಮೇಲೆ ಅಡ್ಡಕ್ಕೆ ಒಂದು ಹಲಗೆ ತುಂಡು, ಕೆಳಗೆ ಹಳೆಯ ಕಾರ್ಪೆಟ್ಟಿನ ಚೂರು. ಹಲಗೆಯ ಮೇಲಿಂದ ಪಟ್ಟಿ ಹಾಯಿಸಿ ಎರಡೂ ಬದಿಗೆ ಎಳೆದು ಬಿಗಿಯುವುದು. ಅದರ ಕೆಳಗೆ ಚಾಸಿಯ ಕೊಳವೆ ಇದೆ, ಭಾರ ನೇರ ಅದಕ್ಕೇ ಹೋಗುತ್ತದೆ, ಹೊರೆಯ ನಡುಮಟ್ಟವೂ ಕೆಳಗಿಳಿಯುತ್ತದೆ. ಪಿಸಿಎಕ್ಸ್‌ಗೆ ಇದು ಆಗದು, ಅದರ ನಡುವೆ ಉಬ್ಬಿದ ಬೆನ್ನಿದೆ. ಹಿಂಭಾಗಕ್ಕೆ ಚಾಸಿಗೆ ಬೋಲ್ಟ್ ಮಾಡಿದ ಲೋಹದ ಹಿಡಿಕೆ ಇದ್ದರೆ ಅದರಿಂದ ಎರಡು ಪಟ್ಟಿ, ಮುಂದೆ ಸ್ಟೀರಿಂಗ್ ಕಂಬ ಕೈಗೆಟುಕಿದರೆ ಅದಕ್ಕೆ ಬಟ್ಟೆಯ ಕುಣಿಕೆ ಹಾಕಿ ಎರಡು.

ಬಿಗಿಯುವುದಕ್ಕೂ ಅಳತೆಯಿದೆ. ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗಿದರೆ ಸಾಕು. ಪೂರ್ತಿ ಕುಗ್ಗಿಸಿ ಎಂಟು ಗಂಟೆ ಓಡಿಸಿದರೆ ಫೋರ್ಕಿನ ಸೀಲು ಎಣ್ಣೆ ಸೋರುತ್ತದೆ. ಏನೂ ಕುಗ್ಗಿಸದಿದ್ದರೆ ಮೊದಲ ಗುಂಡಿಯಲ್ಲಿ ಸ್ಕೂಟರ್ ಕುಗ್ಗಿ, ಪಟ್ಟಿ ಒಂದು ಕ್ಷಣ ಸಡಿಲಾಗಿ, ಕೊಕ್ಕೆ ಕಳಚುತ್ತದೆ. ಒಂದಿಂಚಿನ ರ‍್ಯಾಚೆಟ್ ಪಟ್ಟಿಯ ಮೇಲೆ 1,500 ಪೌಂಡ್ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದು ಹರಿಯುವ ತೂಕ. ನಂಬಬಹುದಾದ ಭಾರ ಅದರ ಮೂರನೇ ಒಂದು, 500 ಪೌಂಡ್. ಕೊಕ್ಕೆಗೆ ಮುಚ್ಚುವ ನಾಲಗೆ ಇರಲಿ. ಪಟ್ಟಿಗೆ ಒಂದು ಸುತ್ತು ತಿರುಚು ಕೊಟ್ಟರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಉಳಿದ ಬಾಲವನ್ನು ಗಂಟು ಹಾಕಿ ಸಿಕ್ಕಿಸಿ, ಇಲ್ಲದಿದ್ದರೆ ಬಡಿದು ಬಡಿದು ಬಣ್ಣ ಎಬ್ಬಿಸುತ್ತದೆ.

ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿ. ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ಭದ್ರ ಎಂದು ತೋರುತ್ತದೆ, ಆದರೆ ಅದು ಎರಡು ಚೂಪು ಕಾಲುಗಳ ಮೇಲೆ ಕುಣಿಯುತ್ತ ಹಳಿಯಿಂದ ಜಾರುತ್ತದೆ. ಇನ್ನೊಂದು, ಬೈಕಾದರೆ ಗೇರಿನಲ್ಲಿ ಬಿಟ್ಟರೆ ಹಿಂದಿನ ಚಕ್ರ ಉರುಳುವುದಿಲ್ಲ. ಸ್ಕೂಟರಿನ ಚಕ್ರ ಎಂಜಿನ್ ಬಂದಾದ ಮೇಲೆ ಸ್ವತಂತ್ರ. ಆಕ್ಟಿವಾದ ಎಡ ಲಿವರಿನಲ್ಲಿರುವಂಥ ಬ್ರೇಕ್ ಲಾಕ್ ಇಲ್ಲದಿದ್ದರೆ ಹಿಂದಿನ ಬ್ರೇಕ್ ಲಿವರನ್ನು ವೆಲ್ಕ್ರೋ ಪಟ್ಟಿಯಿಂದ ಹಿಡಿಕೆಗೆ ಬಿಗಿದಿಡಿ. ಮೇಲೆ ಟಾರ್ಪಾಲು ಹೊದಿಸಬೇಡಿ. ಹಡಗಿನ ಹಾಯಿಯಾಗುತ್ತದೆ ಅದು.

ರಿಸೀವರಿನೊಳಗೆ ಕಂಬ ತೂರಿಸಿದಾಗ ಒಂದೆರಡು ಮಿಲಿಮೀಟರ್ ಸಡಿಲು ಇದ್ದೇ ಇರುತ್ತದೆ. ಅರ್ಧ ಮೀಟರ್ ಹಿಂದೆ, ಹಳಿಯ ತುದಿಯಲ್ಲಿ ಅದು ಅಂಗುಲಗಟ್ಟಲೆ ಓಲಾಟ. ಎರಡು ಇಂಚಿನ ರಿಸೀವರಿಗೆ ಐದು-ಎಂಟಾಂಶ ಇಂಚಿನ ಪಿನ್. ಮಾಮೂಲಿ ಪಿನ್ ಬದಲು ತಿರುಪಿನ ಗೆರೆಯಿರುವ, ಬಿಗಿಯುವ ಪಿನ್ ಹಾಕಿ, ಅದರ ಮೇಲೆ ಯು ಬೋಲ್ಟಿನ ಒಂದು ಹಿಡಿತಪಟ್ಟಿ ಸೇರಿಸಿದರೆ ಓಲಾಟ ಸುಮಾರಾಗಿ ನಿಲ್ಲುತ್ತದೆ. ಅಲುಗಾಟ ಸದ್ದಿನ ತೊಂದರೆ ಮಾತ್ರವಲ್ಲ. ವೆಲ್ಡಿನಲ್ಲಿ ಬಿರುಕು ಹುಟ್ಟಿಸುವುದು ಅದೇ.

ವ್ಯಾನಿನ ಸೈಲೆನ್ಸರ್ ಎಲ್ಲಿ ಬಾಯಿ ಬಿಡುತ್ತದೆ ನೋಡಿಕೊಳ್ಳಿ. ಬಂಪರಿನ ಕೆಳಗಿನ ಬಿಸಿ ಹೊಗೆ ನೇರವಾಗಿ ಸ್ಕೂಟರಿನ ಚಕ್ರಕ್ಕೋ ಪ್ಲಾಸ್ಟಿಕ್ ಹೊದಿಕೆಗೋ ಬಡಿದರೆ ಉದ್ದ ಏರು ಹತ್ತುವಷ್ಟರಲ್ಲಿ ಹೊದಿಕೆ ಮೆತ್ತಗಾಗಿ ಸೊಟ್ಟಗಾಗಿರುತ್ತದೆ. ಹೊಗೆಯನ್ನು ಕೆಳಕ್ಕೆ ತಿರುಗಿಸುವ ಬಾಗಿದ ತುದಿ ಸಿಗುತ್ತದೆ. ಇಲ್ಲವೇ ಸ್ಕೂಟರಿನ ಮುಖವನ್ನು ಆಚೀಚೆ ಮಾಡಿ ನೋಡಬಹುದು.

ನಂಬರ್ ಪ್ಲೇಟ್ ಮತ್ತು ದೀಪಗಳು ಸ್ಕೂಟರಿನ ಹಿಂದೆ ಅಡಗುತ್ತವೆ. ಪ್ಲೇಟ್ ಸ್ಪಷ್ಟವಾಗಿ ಕಾಣಬೇಕು ಎಂದು ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ 5201ನೇ ಕಲಮು ಹೇಳುತ್ತದೆ, ಬೇರೆ ರಾಜ್ಯಗಳದ್ದೂ ಹೆಚ್ಚುಕಡಿಮೆ ಇದೇ ಮಾತು. ಪ್ಲೇಟನ್ನು ಕ್ಯಾರಿಯರಿಗೆ ಸಾಗಿಸಿ, ಮೇಲೊಂದು ಪುಟ್ಟ ಬಿಳಿ ದೀಪ ಹಾಕಬೇಕು. ಬ್ರೇಕ್ ಮತ್ತು ತಿರುವಿನ ದೀಪಗಳಿಗೆ ಟ್ರೇಲರಿನ ನಾಲ್ಕು ತಂತಿಯ ಚಪ್ಪಟೆ ಕನೆಕ್ಟರ್ ಸಾಕು. ಬಿಳಿ ಅರ್ತಿಂಗ್, ಕಂದು ಹಿಂದೀಪ, ಹಳದಿ ಎಡದ ಬ್ರೇಕ್ ಮತ್ತು ತಿರುವು, ಹಸಿರು ಬಲದ್ದು. ತಿರುವಿಗೆ ಬೇರೆ ಬಲ್ಬು, ಬ್ರೇಕಿಗೆ ಬೇರೆ ಬಲ್ಬು ಇರುವ ವ್ಯಾನಿಗೆ ಎರಡನ್ನೂ ಒಂದಾಗಿಸುವ ಕನ್ವರ್ಟರ್ ಪೆಟ್ಟಿಗೆ ನಡುವೆ ಬೇಕಾಗುತ್ತದೆ. ತಂತಿಗೆ ನೇರ ಕಚ್ಚಿಸಿದರೆ ದೀಪಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಫ್ಯೂಸ್ ಕೂಡ ಹೋಗಬಹುದು. ಹಿಂದಿನ ಕ್ಯಾಮೆರಾದಲ್ಲಿ ಇನ್ನು ಕಾಣುವುದು ಸ್ಕೂಟರಿನ ಹೊಟ್ಟೆ ಮಾತ್ರ. ಹಿಂದಕ್ಕೆ ತೆಗೆಯುವಾಗ ತಾನೇ ಬ್ರೇಕ್ ಹಾಕುವ ಸೌಲಭ್ಯವಿದ್ದರೆ ಸ್ಕೂಟರನ್ನೇ ಗೋಡೆ ಎಂದುಕೊಂಡು ಗಕ್ಕನೆ ನಿಲ್ಲಿಸುತ್ತದೆ, ಮೊದಲೇ ಆಫ್ ಮಾಡಿ. ಡಿಕ್ಕಿ ಬಾಗಿಲು ತೆರೆಯಲಾಗದು, ದಾರಿಯ ಊಟವನ್ನು ಸೀಟಿನ ಬಳಿ ಇಟ್ಟುಕೊಳ್ಳಿ.

ಅಗಲದ ನಿಯಮ ಹಲವರಿಗೆ ಗೊತ್ತಿರುವುದಿಲ್ಲ. ಪ್ರಯಾಣಿಕರ ವಾಹನದ ಹೊರೆ ಎಡಗಡೆ ಫೆಂಡರ್ ದಾಟಕೂಡದು, ಬಲಗಡೆ ಆರು ಇಂಚಿಗಿಂತ ಹೆಚ್ಚು ಚಾಚಕೂಡದು, ಇದು ಅಮೆರಿಕದ ಬಹಳಷ್ಟು ರಾಜ್ಯಗಳ ಕಾನೂನು. ಸಿಯೆನ್ನಾದ ಅಗಲ 1,994 ಮಿಲಿಮೀಟರ್, 1,931 ಮಿಲಿಮೀಟರ್ ಉದ್ದದ ಪಿಸಿಎಕ್ಸ್ ಕೂಡ ಅದರ ಹಿಂದೆ ಅಡಗುತ್ತದೆ, ಹಳಿ ಸರಿಯಾಗಿ ನಡುವಿನಲ್ಲಿದ್ದರೆ. ಕೆಲವು ಕ್ಯಾರಿಯರ್‌ಗಳಲ್ಲಿ ಚಕ್ರದ ತಡೆ ಒಂದೇ ತುದಿಗಿದ್ದು ಸ್ಕೂಟರ್ ಒಂದು ಪಕ್ಕಕ್ಕೆ ಜರುಗಿ ನಿಲ್ಲುತ್ತದೆ. ಆಗ ಭಾರವೂ ಓರೆ, ಕಾನೂನೂ ಓರೆ.

ಹೊರಟ ಮೇಲೆ ಮೊದಲ ಹತ್ತು ಹದಿನೈದು ಮೈಲಿಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಹೊಸ ಪಟ್ಟಿ ಹಿಗ್ಗುತ್ತದೆ, ಟೈರು ಹಳಿಯಲ್ಲಿ ಕೂರುತ್ತದೆ. ಆಮೇಲೆ ಪೆಟ್ರೋಲ್ ಹಾಕಿಸಿದಾಗೆಲ್ಲ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿ. ಸ್ಕೂಟರ್ ಅಲುಗಿದಾಗ ವ್ಯಾನ್ ಕೂಡ ಜೊತೆಗೇ ಅಲುಗಬೇಕು. ಹಿಚ್ಚಿನ ಬೋಲ್ಟುಗಳನ್ನು ಹಾಕಿಸಿದ ಐವತ್ತು ಮೈಲಿಯ ನಂತರ ಟಾರ್ಕ್ ಸ್ಪ್ಯಾನರಿನಿಂದ ಕೈಪಿಡಿಯ ಅಳತೆಗೆ ಪರೀಕ್ಷಿಸುವುದು ಒಳ್ಳೆಯದು. ಕಂಬ ಮತ್ತು ಹಳಿ ಸೇರುವ ವೆಲ್ಡಿನ ಕೆಳಬದಿಯನ್ನು ಬಗ್ಗಿ ನೋಡಿ. ಬಣ್ಣ ಗೆರೆಯಾಗಿ ಎದ್ದಿದ್ದರೆ, ಆ ಗೆರೆಯಲ್ಲಿ ಕಂದು ತುಕ್ಕು ಇಣುಕಿದರೆ ಅದು ಬಿರುಕು. ಅದರ ಮೇಲೆ ಇನ್ನೊಂದು ವೆಲ್ಡ್ ಹೊಡೆಸಿ ಸಾಗಿಸುವುದು ಬೇಡ, ಆ ಕ್ಯಾರಿಯರ್ ಗುಜರಿಗೆ.

ಪಿಸಿಎಕ್ಸ್, ವೆಸ್ಪಾ ಒಯ್ಯಲೇಬೇಕು ಅನ್ನುವವರಿಗೆ ಚಿಕ್ಕ ಟ್ರೇಲರೇ ದಾರಿ. ಭಾರದ ಹೆಚ್ಚಿನ ಪಾಲನ್ನು ಟ್ರೇಲರಿನ ಚಕ್ರಗಳು ಹೊರುತ್ತವೆ, ಹಿಚ್ ಮೇಲೆ ಬೀಳುವುದು ಒಟ್ಟು ತೂಕದ ಶೇಕಡಾ 10ರಿಂದ 15. ಡಿಕ್ಕಿಯೂ ತೆರೆಯುತ್ತದೆ, ಏರಿಸುವ ಎತ್ತರವೂ ಕಡಿಮೆ. ಬದಲಿಗೆ ಟ್ರೇಲರಿಗೆ ನೋಂದಣಿ, ನಿಲ್ಲಿಸಲು ಜಾಗ, ಹಿಂದಕ್ಕೆ ತೆಗೆಯುವ ಅಭ್ಯಾಸ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆದುಕೊಂಡು ಹೋಗುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಮಿತಿ. ಈ ವೇಗಮಿತಿ ಕ್ಯಾರಿಯರಿಗೆ ಅನ್ವಯಿಸುವುದಿಲ್ಲ. ಆದರೂ 60ರ ಆಸುಪಾಸಿನಲ್ಲಿ ಹೋಗುವವರು ಪಟ್ಟಿಗಳ ಬಗ್ಗೆ ಕಡಿಮೆ ಚಿಂತೆ ಮಾಡುತ್ತಾರೆ.

ಇದನ್ನೆಲ್ಲ ಓದಿ ಬೆಂಗಳೂರಿನಲ್ಲಿ ಇನ್ನೋವಾದ ಹಿಂದೆ ಆಕ್ಟಿವಾ ಕಟ್ಟುವ ಯೋಚನೆ ಬಂದಿದ್ದರೆ ಅಲ್ಲಿಗೇ ಬಿಡಿ. ಇಲ್ಲಿನ ಕಾರುಗಳಿಗೆ ಕಂಪನಿಯಿಂದಲೇ ಹಿಚ್ ಬರುವುದು ಅಪರೂಪ, ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿದ ಹಿಚ್ಚಿಗೆ ಯಾವ ಅಂಕಿಯೂ ಇರುವುದಿಲ್ಲ. ಹೊರೆ ಮಿತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ. ಹುಬ್ಬಳ್ಳಿಗೋ ಮಂಗಳೂರಿಗೋ ಸ್ಕೂಟರ್ ಸಾಗಿಸಲು ರೈಲ್ವೆ ಪಾರ್ಸೆಲ್ ಇದೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿಸಿ, ಆರ್‌ಸಿ ಮತ್ತು ವಿಮೆಯ ಪ್ರತಿ ಕೊಟ್ಟರೆ ಆಯಿತು. ಹತ್ತಿರದ ಊರಾದರೆ ಟಾಟಾ ಏಸ್.

ಇಳಿಸುವಾಗ ಮೊದಲು ರ‍್ಯಾಂಪ್ ಹಚ್ಚಿ ಪಿನ್ ಹಾಕಿ, ಆಮೇಲೆ ಪಟ್ಟಿಗೆ ಕೈ ಹಾಕಿ. ಮೈಯ ಪಟ್ಟಿಗಳನ್ನು ಬಿಚ್ಚುವಾಗ ಒಬ್ಬರು ಸ್ಕೂಟರನ್ನು ಹಿಡಿದೇ ಇರಬೇಕು, ಕುಗ್ಗಿದ ಸ್ಪ್ರಿಂಗ್ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಚಕ್ರದ ಪಟ್ಟಿಗಳು ಕೊನೆಗೆ. ಸ್ಕೂಟರ್ ಇಳಿದ ಮೇಲೆ ಕ್ಯಾರಿಯರನ್ನೂ ಕಳಚಿ ಒಳಗಿಡಿ. ಖಾಲಿ ಹಳಿ ಕತ್ತಲಲ್ಲಿ ಮೊಣಕಾಲು ಒಡೆಯುವ ಎತ್ತರದಲ್ಲಿ ಚಾಚಿಕೊಂಡಿರುತ್ತದೆ, ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತೆಗೆದರೆ ಪಕ್ಕದವರ ಕಾರಿಗೆ ಮೊದಲು ತಾಗುವುದೂ ಅದೇ.